ಈ ಸಲ ರಜೆಗೆ ಎಲ್ಲಿಗೆ?

ಇಪ್ಪತ್ತಾರು ವರ್ಷ ಇಂಗ್ಲೆಂಡಿನ ಸೆಲ್ಬಿ ಊರಿನ ಹೆಂಗಸರ ಕೂದಲು ಕತ್ತರಿಸಿ, ಬಣ್ಣ ಹಚ್ಚಿ, ಅವರ ಗಂಡಂದಿರ ಗೊರಕೆಯಿಂದ ಹಿಡಿದು ಸೊಸೆಯಂದಿರ ಸೊಕ್ಕಿನವರೆಗೆ ಎಲ್ಲವನ್ನೂ ಕೇಳಿಸಿಕೊಂಡ ಮೇಲೆ, ಇನ್ನು ಬಾಯಿಲ್ಲದ ಪ್ರಾಣಿಗಳ ಜೊತೆ ಕೆಲಸ ಮಾಡೋಣ ಅಂತ ಲಿನೆಟ್‌ಗೆ ಅನ್ನಿಸಿದರೆ ಅದರಲ್ಲಿ ತಪ್ಪೇನಿಲ್ಲ. ತಪ್ಪಿದ್ದದ್ದು ಬೇರೆ ಕಡೆ. ಅದನ್ನು ಅವಳು ಆರು ವಾರದಿಂದ ಕೈಗವಸಿನೊಳಗೆ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಪ್ರಾಣಿಗಳ ಆಸ್ಪತ್ರೆಯ ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು ಕೈಗವಸು ಬಿಚ್ಚಿದಳು. ಬೆರಳುಗಳ ಗೆಣ್ಣಿನಲ್ಲೆಲ್ಲ ಚರ್ಮ ಸೀಳಿತ್ತು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಸೋಮವಾರ ಕೂದಲೆಳೆಯಷ್ಟಿದ್ದ ಬಿರುಕು ಈಗ ಅಗಲವಾಗಿ ಬಿಟ್ಟುಕೊಂಡು ಒಳಗೆ ಹಸಿಯಾಗಿ ಕಾಣುತ್ತಿತ್ತು. ಮುಲಾಮು ತುಂಬಿ, ಟೇಪು ಸುತ್ತಿ, ಹೊಸ ಕೈಗವಸು ಏರಿಸಿದಳು. ಉರಿಗೆ ಕಣ್ಣಲ್ಲಿ ನೀರು ಬಂತು.

ಸಲೂನು ಬಿಡಿಸಿದ್ದೂ ಈ ಕೈಗಳೇ. ಬಣ್ಣ, ಬ್ಲೀಚು, ದಿನವಿಡೀ ಶಾಂಪೂ ನೀರು. ಕೈ ಒದ್ದೆಯಾಗದ ಕೆಲಸ ಹುಡುಕಿಕೊಳ್ಳಿ ಅಂತ ಚರ್ಮದ ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದ್ದರು. ಲಿನೆಟ್ ಕೇಳಿಸಿಕೊಂಡದ್ದು ಮಾತ್ರ ಬಣ್ಣ ಮುಟ್ಟಬೇಡ ಅಂತ. ತನಗೆ ಬೇಕಾದಷ್ಟನ್ನೇ ಒಳಗೆ ಬಿಟ್ಟುಕೊಳ್ಳುವ ಕಿವಿ ಅವಳೊಬ್ಬಳಿಗೇ ಇರುವುದಲ್ಲ, ಬಿಡಿ. ಆದರೆ ಇಲ್ಲಿ ಒಂದೊಂದು ಪ್ರಾಣಿಯನ್ನು ಮುಟ್ಟಿದ ಮೇಲೂ ಕೈ ತೊಳೆಯಬೇಕು. ದಿನಕ್ಕೆ ನಲವತ್ತು ಸಲ, ಆ ಗುಲಾಬಿ ಬಣ್ಣದ ಖಾರ ಸೋಪಿನಲ್ಲಿ.

ಈ ಆಸೆ ಇವತ್ತಿನದಲ್ಲ. ಹದಿನಾರನೇ ವಯಸ್ಸಿನಲ್ಲಿ, ಪ್ರಾಣಿಗಳ ನರ್ಸ್ ಆಗುತ್ತೇನೆ ಅಂದಾಗ ಸ್ಕೂಲಿಗೆ ಉದ್ಯೋಗ ಸಲಹೆ ಕೊಡಲು ಬರುತ್ತಿದ್ದ ಮಹಾನುಭಾವನೊಬ್ಬ ಅವಳ ವಿಜ್ಞಾನದ ಅಂಕ ನೋಡಿ ನಕ್ಕು, ಕೂದಲು ಚೆನ್ನಾಗಿ ಬಾಚಿಕೊಂಡಿದ್ದೀಯಲ್ಲ, ಅದನ್ನೇ ಕಲಿ ಅಂದಿದ್ದ. ಅವಳು ಅದನ್ನೇ ಕಲಿತಳು. ಈಗ ನಲವತ್ತೇಳು. ಆಸ್ಪತ್ರೆಯವರು ಆರು ವಾರ ಸಹಾಯಕಿಯಾಗಿ ಇಟ್ಟುಕೊಂಡು, ಪರವಾಗಿಲ್ಲ, ಈ ವರ್ಷದ ಒಂದೇ ಒಂದು ತರಬೇತಿ ಜಾಗ ನಿನಗೇ ಅಂದಿದ್ದರು. ಇವತ್ತು ಸಂಜೆ ಐದರೊಳಗೆ ಫಾರಂ ಕಳಿಸಬೇಕು. ಇಲ್ಲದಿದ್ದರೆ ಅದೇ ಜಾಗಕ್ಕೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಕಾಯುತ್ತಿದ್ದಾಳೆ.

ಫಾರಂ ಪೂರ್ತಿ ತುಂಬಿಯಾಗಿತ್ತು, ಮೂರನೇ ಪುಟದ ಒಂದು ಪ್ರಶ್ನೆ ಬಿಟ್ಟು. ಚರ್ಮದ ಕಾಯಿಲೆ ಏನಾದರೂ ಇದೆಯೇ? ಹೌದು, ಇಲ್ಲ. ಎರಡು ಚೌಕ. ಹೌದು ಅಂದರೆ ಕತೆ ಮುಗಿಯಿತು, ಸೀಳಿದ ಕೈ ಇರುವವರನ್ನು ಆಪರೇಷನ್ ಕೋಣೆಯೊಳಗೆ ಯಾರೂ ಬಿಟ್ಟುಕೊಳ್ಳುವುದಿಲ್ಲ. ಇಲ್ಲ ಅಂದರೆ ಸುಳ್ಳು. ಒಂದು ವಾರದಿಂದ ಅವಳ ಪೆನ್ನು ಆ ಎರಡು ಚೌಕಗಳ ಮಧ್ಯೆಯೇ ನಿಂತಿತ್ತು.

ಹೊರಗೆ ಬಂದರೆ ಬರ್ನಿ ಟೀ ಮಗ್ಗು ಹಿಡಿದು ನಿಂತಿದ್ದಳು. ಬರ್ನಿ ಇಲ್ಲಿಯ ಮುಖ್ಯ ನರ್ಸ್. ವಯಸ್ಸಿನಲ್ಲಿ ಲಿನೆಟ್‌ಗಿಂತ ಹದಿಮೂರು ವರ್ಷ ಚಿಕ್ಕವಳು, ಬಾಯಲ್ಲಿ ಎಲ್ಲರಿಗಿಂತ ದೊಡ್ಡವಳು.

"ಫಾರಂ ಎಲ್ಲೇ?"

"ತುಂಬ್ತಾ ಇದೀನಿ."

"ಏನು ತುಂಬ್ತಾ ಇದೀಯ? ಹೆಸರು ಬರೆಯೋಕೆ ಒಂದು ವಾರನಾ? ನೋಡು, ನಾನಂತೂ ಮೊದಲೇ ಹೇಳಿದೀನಿ. ಈ ಕೆಲಸದಲ್ಲಿ ನಾಯಿ ಕಚ್ಚುತ್ತೆ, ಬೆಕ್ಕು ಪರಚುತ್ತೆ, ಜನ ಎರಡೂ ಮಾಡ್ತಾರೆ. ನನ್ನ ಸೊಂಟ ಹೋಯ್ತು, ಆಮೇಲೆ ಗಂಡ ಹೋದ. ಸೊಂಟದ್ದೇ ಬೇಜಾರು."

"ಮತ್ತೆ ನೀನ್ಯಾಕೆ ಬಿಟ್ಟಿಲ್ಲ?"

"ನಂಗೆ ಬೇರೇನೂ ಬರಲ್ವಲ್ಲೇ." ಬರ್ನಿ ಒಂದು ಗುಟುಕು ಕುಡಿದು ಅವಳ ಕೈ ನೋಡಿದಳು. "ಟೀ ಹೊತ್ತಲ್ಲೂ ಗ್ಲೌಸಾ?"

"ಈಗ ತಾನೇ ಗೂಡು ತೊಳೆದೆ," ಅಂದಳು ಲಿನೆಟ್.

ಹನ್ನೊಂದಕ್ಕೆ ಮಿಸ್ಟರ್ ಹೆಪ್‌ವರ್ತ್ ಬಂದರು. ಎಂಬತ್ತು ದಾಟಿದ ಮನುಷ್ಯ, ಟೈ ಕಟ್ಟಿಕೊಂಡಿದ್ದರು. ತರಕಾರಿ ತರುವ ಎರಡು ಚಕ್ರದ ಚೀಲವನ್ನು ಎಳೆದುಕೊಂಡು ಬಂದಿದ್ದರು. ಚೀಲದೊಳಗೆ ಕಂಬಳಿ, ಕಂಬಳಿಯೊಳಗೆ ಮೇಜರ್. ಹದಿನೈದು ವರ್ಷದ ಗಿಡ್ಡ ಟೆರಿಯರ್ ನಾಯಿ. ಹಿಂಗಾಲು ಎರಡೂ ಸೋತು, ಮಂಗಳವಾರದಿಂದ ನೀರು ಕೂಡ ಮುಟ್ಟಿರಲಿಲ್ಲ. ಅವನಿಗೆ ನೋವಿಲ್ಲದೆ ಸಾಯುವ ಸೂಜಿ ಹಾಕಿಸಲು ಬಂದಿದ್ದಾರೆಂದು ಯಾರೂ ಕೇಳಿ ತಿಳಿಯಬೇಕಾಗಿರಲಿಲ್ಲ.

ಕೌಂಟರಿನ ಮೇಲೆ ಗಾಜಿನ ಬಟ್ಟಲಲ್ಲಿ ಒಂದು ಮೇಣದಬತ್ತಿ ಇರುತ್ತದೆ. ಇದು ಉರಿಯುತ್ತಿದ್ದರೆ ಒಳಗೆ ಯಾರೋ ತಮ್ಮ ಪ್ರಾಣಿಯನ್ನು ಕಳಿಸಿಕೊಡುತ್ತಿದ್ದಾರೆ, ದಯವಿಟ್ಟು ಮೆತ್ತಗೆ ಮಾತಾಡಿ ಅಂತ ಪಕ್ಕದಲ್ಲಿ ಬರೆದಿಟ್ಟಿದ್ದಾರೆ. ಲಿನೆಟ್ ಅದನ್ನು ಹಚ್ಚಿದಳು. ಮೊಲದ ಡಬ್ಬಿ ಹಿಡಿದು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ ಹೆಂಗಸು ಬತ್ತಿಯನ್ನು ನೋಡಿ, ಬೈಗುಳವನ್ನು ಪಿಸುದನಿಯಲ್ಲಿ ಮುಂದುವರಿಸಿದಳು.

ಇಂಥ ಹೊತ್ತಿನಲ್ಲಿ ನಾಯಿಯನ್ನು ಹಿಡಿಯುವವಳು ಬರ್ನಿ. ಆದರೆ ಅವಳು ಕಾರಿಗೆ ಸಿಕ್ಕಿದ ಬೆಕ್ಕೊಂದರ ಜೊತೆ ಎಕ್ಸ್‌ರೇ ಕೋಣೆಯಲ್ಲಿದ್ದಳು. "ನೀನು ಬಾ," ಅಂದಳು ಡಾಕ್ಟರ್ ಮಾರ್ಟಾ. ಪೋಲೆಂಡಿನವಳು, ಎರಡು ಪದದಲ್ಲಿ ಆಗುವುದಕ್ಕೆ ಮೂರನೆಯದನ್ನು ಬಳಸುವವಳಲ್ಲ.

ಮೇಜರ್‌ನನ್ನು ಮೇಜಿನ ಮೇಲೆ ಮಲಗಿಸುತ್ತಿದ್ದಾಗ ಮುದುಕ ಅವಳ ಮುಖವನ್ನೇ ನೋಡಿದರು.

"ನನ್ನ ಹೆಂಡತಿ ಡೊರೀನ್‌ಗೆ ಕೂದಲು ಮಾಡ್ತಿದ್ದವಳಲ್ವೇನಮ್ಮ ನೀನು?"

"ಹೌದು, ಮಿಸ್ಟರ್ ಹೆಪ್‌ವರ್ತ್."

"ಕೊನೇಗೂ ನೀನೇ ಬಂದಿದ್ದೆ. ಅವಳು ಹೋದ ಮೇಲೆ, ಪೆಟ್ಟಿಗೇಲಿ ಮಲಗಿಸಿದಾಗ."

"ಹೌದು."

"ಎಷ್ಟು ಚೆನ್ನಾಗಿ ಮಾಡಿದ್ದೆ ಅಂತೀಯ. ಎದ್ದು ಬಿಂಗೋ ಆಟಕ್ಕೆ ಹೊರಡ್ತಾಳೇನೋ ಅನ್ನಿಸ್ತು." ನಾಯಿಯ ಕಿವಿ ಸವರಿದರು. "ನೀನಿದೀಯಲ್ಲ, ಒಳ್ಳೇದಾಯ್ತು."

ಈ ಮಾತು ಕೇಳಿ ಲಿನೆಟ್‌ಗೆ ಆರು ವಾರದಲ್ಲಿ ಮೊದಲ ಸಲ, ತಾನು ಇಲ್ಲಿ ಇರಬೇಕಾದವಳೇ ಅನ್ನಿಸಿತು. ಫಾರಂನಲ್ಲಿ ಇಲ್ಲ ಅಂತ ಗೀಚಿ ಕಳಿಸಿಬಿಡುತ್ತೇನೆ ಅಂತ ಆ ಕ್ಷಣದಲ್ಲೇ ತೀರ್ಮಾನಿಸಿದಳು. ಕೈ ವಾಸಿಯಾಗುತ್ತದೆ. ಎಷ್ಟೋ ಜನರಿಗೆ ಆಗಿದೆ.

ಮುಂಗಾಲಿನ ಒಂದು ಚೌಕದಷ್ಟು ಕೂದಲನ್ನು ಮೆಷಿನ್ನಿನಿಂದ ತೆಗೆದಳು. ಅದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆಮೇಲೆ ಮೊಣಕೈಯ ಮಡಿಕೆಯಲ್ಲಿ ಹೆಬ್ಬೆರಳಿಟ್ಟು ಒತ್ತಿ ಸ್ವಲ್ಪ ಹೊರಳಿಸಿದಳು, ಬರ್ನಿ ಕಲಿಸಿಕೊಟ್ಟ ಹಾಗೆ. ನರ ಉಬ್ಬಿತು. ಮಾರ್ಟಾ ಸೂಜಿ ಇಳಿಸಿದಳು. ಅಷ್ಟರಲ್ಲಿ ಹೆಬ್ಬೆರಳಿನ ಬಿರುಕು ಪೂರ್ತಿ ಹರಿಯಿತು.

ಬೆಂಕಿ ಮುಟ್ಟಿದಂತಾಗಿ ಅವಳ ಕೈ ತಾನಾಗಿಯೇ ಹಾರಿತು. ಹಿಡಿತ ತಪ್ಪಿದ್ದೇ ಮೇಜರ್ ಕಾಲು ಎಳೆದುಕೊಂಡ, ಸೂಜಿ ನರವನ್ನು ಸೀಳಿಕೊಂಡು ಹೊರಗೆ ಬಂತು. ನಾಯಿ ಕಿರುಚಿತು. ಮೂರು ದಿನದಿಂದ ಕುಂಯ್ ಅಂದಿರದ ನಾಯಿ ಕೋಣೆಯೆಲ್ಲ ತುಂಬುವ ಹಾಗೆ ಕಿರುಚಿತು. ಬೋಳಿಸಿದ ಜಾಗ ಕಣ್ಣೆದುರೇ ನೀಲಿಗಟ್ಟಿ ಊದಿಕೊಂಡಿತು.

"ಏನಾಯ್ತು? ನೋವಾಯ್ತಾ ಅವನಿಗೆ?" ಮುದುಕ ಎದ್ದು ನಿಂತಿದ್ದರು.

"ಕ್ಷಮಿಸಿ," ಅಂದಳು ಮಾರ್ಟಾ. "ಇನ್ನೊಂದು ಕಾಲು."

ಲಿನೆಟ್ ಮತ್ತೆ ಮೆಷಿನ್ ಕೈಗೆತ್ತಿಕೊಂಡಳು. ಕೈಗವಸಿನೊಳಗೆ ಬಿಸಿಯಾದದ್ದೇನೋ ಹರಿಯುತ್ತಿತ್ತು. ಮೆಷಿನ್ ಗುಂಯ್ಗುಡುತ್ತಿತ್ತು, ಕೂದಲು ಉದುರುತ್ತಿತ್ತು, ಪಕ್ಕದಲ್ಲಿ ಒಬ್ಬರು ಸುಮ್ಮನೆ ಕಾಯುತ್ತಿದ್ದರು. ಇಪ್ಪತ್ತಾರು ವರ್ಷ ಇಂಥ ಮೌನವನ್ನು ಅವಳು ಒಂದೇ ಒಂದು ಮಾತಿನಿಂದ ತುಂಬಿದ್ದಳು. ಅವಳಿಗೆ ಗೊತ್ತಾಗುವ ಮೊದಲೇ ಅದು ಬಾಯಿಂದ ಹೊರಬಿತ್ತು.

"ಈ ಸಲ ರಜೆಗೆ ಎಲ್ಲಾದ್ರೂ ಹೋಗ್ತಿದೀರಾ?"

ಮಾರ್ಟಾ ತಲೆ ಎತ್ತಿದಳು. ಭೂಮಿ ಬಾಯಿ ಬಿಡಬಾರದೇ ಅಂದುಕೊಂಡಳು ಲಿನೆಟ್. ಭೂಮಿ ಹಾಗೆಲ್ಲ ಬಿಡುವುದಿಲ್ಲ. ಮೆಷಿನ್ ಮಾತ್ರ ಅವಳ ಕೈಯಲ್ಲಿ ಗುಂಯ್ಗುಡುತ್ತಲೇ ಇತ್ತು.

ಮುದುಕರದು ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದು ಬೆಳೆದ ಪೀಳಿಗೆ.

"ಫೈಲಿ ಅನ್ನೋ ಊರಿಗೆ ಕಣಮ್ಮ, ಸಮುದ್ರದ ದಡಕ್ಕೆ. ಸೆಪ್ಟೆಂಬರಲ್ಲಿ. ಅದೇ ಬಾಡಿಗೆ ಕ್ಯಾರವಾನ್ ಮನೆ, ನಾಯೀನೂ ಬಿಟ್ಕೋತಾರೆ ಅಲ್ಲಿ. ಡೊರೀನ್ ಇದ್ದಾಗಿಂದ್ಲೂ ಅದೇ ನಮಗೆ." ಕುರ್ಚಿಯಲ್ಲಿ ಕೂತು ನಾಯಿಯ ತಲೆಗೆ ತಮ್ಮ ತಲೆ ತಾಗಿಸಿದರು. "ಇವನಿಗೆ ಸಮುದ್ರ ಕಂಡ್ರೆ ಆಗಲ್ಲ. ಒಂದೊಂದು ಅಲೆ ಬಂದಾಗ್ಲೂ ಬೈತಾನೆ. ಅದು ವಾಪಸ್ ಹೋಗುತ್ತಲ್ಲ, ತಾನೇ ಓಡಿಸಿದೆ ಅಂತ ನನ್ ಕಡೆ ತಿರುಗಿ ನೋಡ್ತಾನೆ. ಅಲ್ವೇನೋ? ನೀನೇ ಅಲ್ವೇನೋ ಓಡಿಸ್ತಿದ್ದದ್ದು?"

ಲಿನೆಟ್ ಈ ಸಲ ಎಡಗೈಯಲ್ಲಿ ಒತ್ತಿದಳು, ಹಲ್ಲು ಕಚ್ಚಿಕೊಂಡು. ಹಿಡಿತ ನಿಂತಿತು. ಮುದುಕ ಇನ್ನೂ ಅಲೆಗಳ ವಿಷಯ ಹೇಳುತ್ತಿದ್ದಾಗಲೇ ಮೇಜರ್ ಹೋಗಿದ್ದ.

ಮೇಜರ್‌ನ ದೇಹವನ್ನು ಸುಡಲು ಆಸ್ಪತ್ರೆಯವರೇ ಇಟ್ಟುಕೊಂಡರು. ಖಾಲಿ ಕಂಬಳಿಯನ್ನು ಮಡಚಿ ಚೀಲಕ್ಕೆ ಹಾಕಿಕೊಟ್ಟಾಗ ಅವಳು, "ಮೊದಲನೇ ಕಾಲು ನನ್ನಿಂದ ಆಗಿದ್ದು. ತಪ್ಪಾಯ್ತು," ಅಂದಳು.

ಪರವಾಗಿಲ್ಲ ಅನ್ನುತ್ತಾರೆ ಅಂತ ಕಾದಳು. ಅವರು ಒಳ್ಳೆಯ ಮನುಷ್ಯ, ಅನ್ನಬಹುದಿತ್ತು.

"ಅವನು ಯಾವತ್ತೂ ಹಾಗೆ ಕೂಗಿದೋನಲ್ಲ," ಅಂದರು ಮಿಸ್ಟರ್ ಹೆಪ್‌ವರ್ತ್. ಕೋಪವಿರಲಿಲ್ಲ ದನಿಯಲ್ಲಿ. ಇದ್ದದ್ದನ್ನು ಹೇಳಿದರು, ಅಷ್ಟೇ. ಚೀಲ ಎಳೆದುಕೊಂಡು ಹೋದರು.

ಬರ್ನಿ ಬಂದಾಗ ಲಿನೆಟ್ ನೆಲ ಗುಡಿಸುತ್ತಿದ್ದಳು. ಕೂದಲು ಬಿದ್ದರೆ ಗುಡಿಸುವುದು ಅವಳ ರಕ್ತದಲ್ಲೇ ಇದ್ದದ್ದು. ಬಲಗೈ ಕೈಗವಸಿನ ಹೆಬ್ಬೆರಳಿನ ತುದಿಯಲ್ಲಿ ರಕ್ತ ತುಂಬಿ ಉಬ್ಬಿಕೊಂಡಿತ್ತು.

"ತೆಗಿ ಅದನ್ನ," ಅಂದಳು ಬರ್ನಿ.

"ಏನಿಲ್ಲ..."

"ತೆಗಿ ಅಂದೆ."

ತೆಗೆದಳು. ಬರ್ನಿ ಅವಳ ಎರಡೂ ಕೈ ಒರೆಸಿ, ಔಷಧಿ ಹಚ್ಚಿ, ನಾಯಿಗಳ ಕಾಲಿಗೆ ಸುತ್ತುವ ನೀಲಿ ಪಟ್ಟಿಯನ್ನು ಸುತ್ತತೊಡಗಿದಳು.

"ಮಂಗಳವಾರಾನೇ ಗೊತ್ತಾಯ್ತು ನಂಗೆ. ಟವೆಲ್ ಮೇಲೆ ಕಲೆ ನೋಡಿದೆ."

"ಮತ್ತೆ ಹೇಳಲಿಲ್ವಲ್ಲೇ."

"ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ಹೇಳದೇ ಇದ್ರೇ ಚೆಂದ ಅನ್ನಿಸ್ತು. ಹನ್ನೆರಡು ವರ್ಷದಲ್ಲಿ ಮೂಲೆ ಗುಡಿಸೋಳು ಅಂತ ಸಿಕ್ಕಿದ್ದು ನೀನೊಬ್ಬಳೇ." ಪಟ್ಟಿಯ ತುದಿಯನ್ನು ಒತ್ತಿದಳು. "ಫಾರಂನಲ್ಲಿ ಇಲ್ಲ ಅಂತ ಹಾಕು ಕಣೇ. ನಾನು ಏನೂ ನೋಡಿಲ್ಲ. ಮೊದಲನೇ ವರ್ಷ ಬರೀ ಓದು ಜಾಸ್ತಿ. ಹೇಗೋ ತಳ್ಳಬಹುದು."

ಕೇಳಬೇಕೆಂದು ಮೂವತ್ತೊಂದು ವರ್ಷ ಕಾದಿದ್ದ ಮಾತು ಅದು. ನೀನು ಬೇಕು, ಇರು, ಅಂತ. ಲಿನೆಟ್ ತನ್ನ ಕೈಗಳನ್ನು ನೋಡಿಕೊಂಡಳು. ನೀಲಿ ಪಟ್ಟಿಯ ಮೇಲೆ ಪುಟ್ಟ ಪುಟ್ಟ ಪಂಜಗಳ ಚಿತ್ರವಿತ್ತು. ಇವತ್ತು ಒಂದು ನಾಯಿ. ಸೋಮವಾರದಿಂದ ಯಾವ ನಾಯಿ, ಯಾರ ನಾಯಿ? ಹದಿನೈದು ವರ್ಷ ಒಬ್ಬರ ಕಾಲಬಳಿ ಮಲಗಿದ ಜೀವ, ಕೊನೆಯ ನಿಮಿಷದಲ್ಲಿ ಇವಳೊಬ್ಬಳ ಆಸೆಗಾಗಿ ಕಿರುಚಬೇಕೇ?

"ಜಾಗಕ್ಕೆ ಕಾಯ್ತಿದಾಳಲ್ಲ, ಆ ಹುಡುಗಿಗೆ ಫೋನ್ ಮಾಡು," ಅಂದಳು.

"ಲಿನೆಟ್..."

"ಮಾಡು ಬರ್ನಿ. ಇವತ್ತೇ ಮಾಡು. ನಾಳೆ ಆದ್ರೆ ನಾನೇ ಬೇಡ ಅಂತೀನಿ."

ಬರ್ನಿ ಪಟ್ಟಿಯ ಸುರುಳಿಯನ್ನು ಕೆಳಗಿಟ್ಟು ಫೋನ್ ಎತ್ತಿಕೊಂಡಳು.

ಹೊರಡುವಾಗ ನೋಡಿದರೆ ಕೌಂಟರಿನ ಮೇಲೆ ಮೇಣದಬತ್ತಿ ಇನ್ನೂ ಉರಿಯುತ್ತಿತ್ತು. ಆರಿಸುವುದನ್ನು ಮರೆತಿದ್ದಳು. ಬಂದವರೆಲ್ಲ ಒಂದು ಗಂಟೆಯಿಂದ ಯಾರಿಗೋ ಮರ್ಯಾದೆ ಕೊಟ್ಟು ಪಿಸುಗುಟ್ಟುತ್ತ ಕೂತಿದ್ದರು. ಅವಳು ಬಗ್ಗಿ ಊದಿದಳು. ಆರಿದ ಮೇಲೂ ಯಾರೂ ದನಿ ಎತ್ತಲಿಲ್ಲ.

ಬಸ್ ನಿಲ್ದಾಣದ ಬೆಂಚಿನಲ್ಲಿ ಮಿಸ್ಟರ್ ಹೆಪ್‌ವರ್ತ್ ಕೂತಿದ್ದರು, ಚೀಲ ಎರಡು ಮಂಡಿಗಳ ಮಧ್ಯೆ. ಅಷ್ಟರಲ್ಲಿ ಎರಡು ಬಸ್ಸಾದರೂ ಹೋಗಿರಬೇಕು. ಲಿನೆಟ್‌ಗೆ ತಿರುಗಿ ಬೇರೆ ದಾರಿ ಹಿಡಿಯೋಣ ಅನ್ನಿಸಿತು. ಆದರೆ ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟುಬಿಟ್ಟಿದ್ದರು.

"ಕೆಲಸ ಮುಗೀತೇನಮ್ಮ?"

"ಮುಗೀತು."

ಪಟ್ಟಿ ಸುತ್ತಿದ ಕೈಗಳನ್ನು ಅವರು ನೋಡಿದರು. ಎದುರಿನ ಅಂಗಡಿಯಲ್ಲಿ ಯಾರೋ ಮೀನು, ಆಲೂಗಡ್ಡೆ ಕರಿಯುವ ವಾಸನೆ ಬರುತ್ತಿತ್ತು. ಸುಮ್ಮನೆ ಕೂತಿರುವುದು ಸರಿಯಲ್ಲ ಅನ್ನಿಸಿತೇನೋ, ಮುದುಕ ಮರ್ಯಾದೆಗೆ ಕೇಳಿದರು:

"ನೀನು? ಈ ಸಲ ರಜೆಗೆ ಎಲ್ಲಿಗೆ?"

"ಎಲ್ಲಿಗೂ ಇಲ್ಲ, ಮಿಸ್ಟರ್ ಹೆಪ್‌ವರ್ತ್."

ಅವರು ತಲೆಯಾಡಿಸಿದರು. ಬಸ್ಸು ಬಂತು. ಮುದುಕ ಎದ್ದು, ಮೆಟ್ಟಿಲ ಹತ್ತಿರ ನಿಂತು, ಬೆಳಿಗ್ಗೆ ಎತ್ತಿದ ಹಾಗೆಯೇ ಎರಡೂ ಕೈ ಹಾಕಿ, ಉಸಿರು ಬಿಗಿಹಿಡಿದು ಚೀಲವನ್ನು ಎತ್ತಿದರು. ಒಳಗೆ ಕಂಬಳಿಯೊಂದೇ ಇತ್ತು. ಚೀಲ ಒಮ್ಮೆಲೇ ಮೇಲೆ ಹಾರಿತು, ಅವರು ಹಿಂದಕ್ಕೆ ವಾಲಿದರು. ಲಿನೆಟ್ ಹಿಡಿದುಕೊಳ್ಳಲು ಕೈ ಚಾಚಿದಳು. ಪಟ್ಟಿಯೊಳಗಿನ ಬೆರಳು ಮಡಚಲಾಗಲಿಲ್ಲ. ಕೋಟಿನ ತೋಳು ಅವಳ ಕೈಯಿಂದ ಜಾರಿಹೋಯಿತು.

ಡ್ರೈವರ್ ಬಗ್ಗಿ ಅವರನ್ನು ಹಿಡಿದುಕೊಂಡ.