ಫ್ರೇದಾಳ ಮಗ

ನೀರು ಹೊರುವ ಗೆಟ್ಸಲ್‌ಗೆ ಕಣ್ಣು ಮಂಜಾಗತೊಡಗಿದಾಗ ಹೆಂಡತಿ ಬ್ರೈನಾ ಅವನನ್ನು ರೆಬ್ಬೆ ಫೈವಿಶರ ಮನೆಗೆ ಅಟ್ಟಿದಳು. ಝುರಾವ್ಕಾ ಊರಿನ ಯಹೂದಿಗಳಲ್ಲಿ ಯಾರಿಗೆ ಏನು ಕಷ್ಟ ಬಂದರೂ ಆ ಗುರುವಿನ ಬಾಗಿಲೇ ಗತಿ. ಬಾಗಿಲಲ್ಲಿ ಕೂತ ನೊಸ್ಸನ್ ಚೀಟಿ ಬರೆಯುತ್ತಿದ್ದ: ಬಂದವನ ಹೆಸರು, ತಾಯಿಯ ಹೆಸರು, ಕಷ್ಟ. ರೆಬ್ಬೆ ಅದನ್ನು ಓದಿ ಪ್ರಾರ್ಥಿಸುತ್ತಿದ್ದರು.

"ತಾಯಿ ಹೆಸರು?"

"ಗೊತ್ತಿಲ್ಲ. ಊರ ಸ್ನಾನದಮನೆ ಮೆಟ್ಲ ಮೇಲೆ ಸಿಕ್ಕಿದೋನು ನಾನು."

"ಹಂಗಾದ್ರೆ ಚೀಟಿ ಇಲ್ಲ ಮಾರಾಯ. ಬರೀ ಗೆಟ್ಸಲ್ ಅಂದ್ರೆ ಮೇಲಿನವನಿಗೆ ಹೆಂಗೆ ಗೊತ್ತಾಗ್ಬೇಕು? ಈ ಬೀದೀಲೇ ಮೂರು ಜನ ಇದೀರಿ. ನಿನ್ನ ಪಾಲಿನ ಕಣ್ಣು ಹೋಗಿ ಆ ಕಟುಕ ಗೆಟ್ಸಲ್‌ಗೆ ಸೇರಿದ್ರೆ?"

ಸಾಲಿನಲ್ಲಿದ್ದವರು ನಕ್ಕರು. ಕಣ್ಣು ಹೋದರೆ ಹಾಳಾಗಿ ಹೋಗಲಿ, ಯಾರ ಮಗನೂ ಅಲ್ಲದೆ ಸಾಯಬೇಕಲ್ಲ ಎಂದುಕೊಂಡ ಗೆಟ್ಸಲ್. ಅವನು ತಿರುಗಿ ಹೊರಟಿದ್ದ. ರೆಬ್ಬೆಯೇ ಹೊಸಿಲಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

"ಬರಿ ನೊಸ್ಸನ್. ಫ್ರೇದಾಳ ಮಗ ಗೆಟ್ಸಲ್."

"ಫ್ರೇದಾ ಅಂದ್ರೆ ನಿಮ್ಮ ತಾಯಿ ಅಲ್ವಾ, ರೆಬ್ಬೆ?"

"ಹೌದು. ನಾನೊಬ್ನೇ ಅಂತ ಸಾಯೋವರ್ಗೂ ಕೊರಗಿದ್ಲು. ಇನ್ನೊಬ್ಬ ಬಂದ್ರೆ ಬೇಡ ಅಂತಾಳಾ? ಬರಿ."

ಒಂದು ಕಣ್ಣು ಉಳಿಯಿತು. "ಇನ್ನೊಂದು ಕಟುಕನಿಗೇ ಹೋಯ್ತು" ಎಂದು ಗೆಟ್ಸಲ್ ಹೇಳಿಕೊಂಡು ತಿರುಗಿದ. ಚೀಟಿಯ ಮಾತು ಮಾತ್ರ ಹೆಂಡತಿಗೂ ಹೇಳಲಿಲ್ಲ. ಬಡವನಿಗೆ ಅಷ್ಟು ದೊಡ್ಡ ಅಣ್ಣನೆಂದರೆ ಯಾರು ನಂಬಿಯಾರು!

ಹನ್ನೊಂದು ವರ್ಷದ ಮೇಲೆ, ಹಿಮ ಬೀಳುವ ಕಾಲದಲ್ಲಿ, ರೆಬ್ಬೆ ತೀರಿಕೊಂಡರು. ಹೆಂಡತಿ ಮಕ್ಕಳಿಲ್ಲ. ಗುಂಡಿಗೆ ಮಣ್ಣು ಮುಚ್ಚುವಷ್ಟರಲ್ಲೇ ಮರದ ವ್ಯಾಪಾರಿಗೂ ಗಿರಣಿಯವನಿಗೂ ಹಗ್ಗಜಗ್ಗಾಟ ಶುರುವಾಯಿತು: ಮಗನೋ ತಮ್ಮನೋ ಹೇಳಬೇಕಾದ ಸಾವಿನ ಪ್ರಾರ್ಥನೆ ಯಾರು ಹೇಳುವುದು?

"ನಾನು ಅವ್ರಿಗೆ ಮಗ ಇದ್ದಂಗೆ."

"ನಾನೂ ಇದ್ದಂಗೇ."

ಮುದುಕನಾಗಿದ್ದ ನೊಸ್ಸನ್ ಕೋಲು ಎತ್ತಿದ. "ಇದ್ದಂಗೆ ಇರೋರೆಲ್ಲಾ ಸ್ವಲ್ಪ ಸರೀರಿ. ತಮ್ಮನೇ ಇದಾನೆ. ಗೆಟ್ಸಲ್, ಬಾ ಇಲ್ಲಿ."

"ಆ ನೀರಿನವನಾ?"

"ಫ್ರೇದಾಳ ಮಗ ಅಂತ ರೆಬ್ಬೆ ಬರೆಸಿದ್ರು, ಈ ಕೈಲೇ ಬರ್ದೆ. ರೆಬ್ಬೆ ಸುಳ್ಳು ಬರೆಸ್ತಿದ್ರು ಅನ್ನು, ಕೇಳೋಣ."

ವ್ಯಾಪಾರಿಯೂ ಗಿರಣಿಯವನೂ ಹಿಂದೆ ಸರಿದರು. ಒಡಹುಟ್ಟಿದವರು ಸತ್ತಾಗ ಹರಿಯುವಂತೆ ನೊಸ್ಸನ್ ಗೆಟ್ಸಲ್‌ನ ಕೋಟಿನ ಎದೆಪಟ್ಟಿಯನ್ನು ಒಂದು ಗೇಣು ಹರಿದ. ಓದು ಬಾರದ ಗೆಟ್ಸಲ್ ಅವನು ಹೇಳಿಕೊಟ್ಟ ಒಂದೊಂದೇ ಮಾತನ್ನು ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತ.

ಮನೆಯಲ್ಲಿ ಬ್ರೈನಾ ಕೋಟು ನೋಡಿ ಹಣೆ ಚಚ್ಚಿಕೊಂಡಳು. "ಇರೋದೊಂದು ಕೋಟು, ಈ ಚಳೀಲಿ ಎಲ್ಲಿ ಸಿಗಿಸ್ಕೊಂಡು ಬಂದ್ರಿ? ತನ್ನಿ, ಹೊಲಿದುಕೊಡ್ತೀನಿ."

ಸೂಜಿ ಹಿಡಿದ ಅವಳ ಕೈಯನ್ನು ಗೆಟ್ಸಲ್ ಮೆಲ್ಲಗೆ ಸರಿಸಿದ.

"ಈಗ ಬೇಡ ಕಣೇ. ನಮ್ಮಣ್ಣ ಸತ್ತಿದಾನೆ."