ಹಿಂದಿನ ಸಾಲಿನ ಅಳು

ಮೇಲಿನ ಬೆಟ್ಟದ ಹಿಮ ಕರಗಿ ಹೊಳೆ ಕೆಂಪಗೆ ಇಳಿಯುವ ಕಾಲ ಅದು. ಬೆಳಗಿನ ಹಾಲು ಕರೆದಾಗಿತ್ತು, ಎರಡನೆಯ ಚಹಾಕ್ಕೆ ಇನ್ನೂ ನೀರಿಟ್ಟಿರಲಿಲ್ಲ. ಆ ಹೊತ್ತಿನಲ್ಲಿ ಬುರುಲ್‌ಸುನ್ ಹೊಳೆಯ ಆಚೆ ದಡದಲ್ಲಿ ನಿಂತಿದ್ದಳು. ಈಚೆ ದಡದಲ್ಲಿ ನಮ್ಮೂರ ಗಂಡಸರು ಅವಳ ಅಣ್ಣನ ಮಗಳು ಜಿಬೆಕ್‌ಳನ್ನು ಮಣ್ಣು ಮಾಡಲು ಹೊತ್ತು ಹೊರಟಿದ್ದರು.

ಸೇತುವೆ ಕೊಚ್ಚಿಹೋಗಿ ಮೂರು ವಸಂತ ಕಳೆದಿತ್ತು. ಅಂದಿನಿಂದ ನಮಗಿದ್ದದ್ದು ಒಂದು ಉಕ್ಕಿನ ಹಗ್ಗ, ಅದರ ಮೇಲೆ ರಾಟೆ, ರಾಟೆಗೆ ನೇತುಬಿದ್ದ ಕಬ್ಬಿಣದ ತೊಟ್ಟಿಲು. ಅದರಲ್ಲಿ ಒಬ್ಬರು ಮೊಣಕಾಲು ಮಡಚಿಕೊಂಡು ಕೂರಬಹುದು. ಹೆರಿಗೆ ನೋವು ಎದ್ದ ಜಿಬೆಕ್‌ಗೆ ಕೂರಲಾಗಲಿಲ್ಲ. ಆಸ್ಪತ್ರೆಯ ಗಾಡಿ ಆಚೆ ಬಂದು ದೀಪ ಮಿನುಗಿಸುತ್ತ ನಿಂತಿತ್ತು. ಅವಳ ಗಂಡ ಮೆಡೆರ್ ಮನೆಯ ಬಾಗಿಲು ಕಿತ್ತು ತಂದು, ಅದನ್ನು ತೊಟ್ಟಿಲಿಗೆ ಅಡ್ಡಲಾಗಿ ಕಟ್ಟುತ್ತಿದ್ದ. ಕಟ್ಟಿ ಮುಗಿಯಲಿಲ್ಲ. ದಡದ ಕಲ್ಲುಗಳ ಮೇಲೆಯೇ ತಾಯಿ ಹೋದಳು, ಮಗುವೂ ಹೋಯಿತು. ಅದೇ ದಿನ ನೀರು ಏರಿ ಆಚೆಯ ಕಂಬ ವಾಲಿತು, ತೊಟ್ಟಿಲೂ ನಿಂತಿತು. ರಾಜಧಾನಿಯಿಂದ ಒಂಬತ್ತು ಗಂಟೆ ವ್ಯಾನಿನಲ್ಲಿ ಕೂತು ಬಂದ ಬುರುಲ್‌ಸುನ್‌ಗೆ ಮನೆಯ ಹೊಗೆ ಕಾಣುತ್ತಿತ್ತು, ದಾಟಲು ದಾರಿಯಿರಲಿಲ್ಲ.

ಬಂಡೆಗಳ ನಡುವೆ ಹೊಳೆ ಕಿರಿದಾಗುವ ಒಂದು ಜಾಗದಲ್ಲಿ ಕೂಗಿದರೆ ಆಚೆಗೆ ಕೇಳುತ್ತದೆ. ಊರಿನ ಹಿರಿಯ ಸಾತಿಂದಿ ಅಜ್ಜ ಅಲ್ಲಿಗೆ ಬಂದು ನಿಂತ.

"ಅಜ್ಜಾ, ತಡೀರಿ! ಒಂದ್ ಗಳಿಗೆ!" ಎಂದು ಕೂಗಿದಳು ಬುರುಲ್‌ಸುನ್.

"ಸತ್ತೋರು ಕಾಯಾಕಿಲ್ಲ ಮಗಳೇ! ಹೊಳೇನೂ ಕಾಯಾಕಿಲ್ಲ!"

ಅವಳು ಸೊಂಟಕ್ಕೆ ಕೈಕೊಟ್ಟು ದನಿ ಎತ್ತಲು ಹೊರಟಳು. ನಮ್ಮ ಕಿರ್ಗಿಜರಲ್ಲಿ ಸತ್ತವರಿಗೆ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಕೋಶೋಕ್ ಹಾಡಬೇಕು. ಆ ಅಳುಹಾಡು ಇಲ್ಲದೆ ಹೋದವರು ಊಟವಿಲ್ಲದೆ ಹೋದ ಹಾಗೆ. ಅಜ್ಜ ಕೋಲೆತ್ತಿ ತಡೆದ.

"ಬ್ಯಾಡ! ಬಯಲಾಗೆ ಎತ್‌ಬ್ಯಾಡ, ಗಾಳಿ ಹೊತ್ಕೊಂಡೋಯ್ತದೆ! ಸೂರಿನ ಕೆಳಗೆ ಅಳು!"

"ನನ್ ಸೂರು ನಿಮ್ ಕಡೀಕ್ ಅದೆ!"

"ಪ್ಯಾಟೇಲಿ ನಿಂಗೆ ಕಲ್ಲಿನ ಅರಮನೆ ಕೊಟ್ಟವ್ರಲ್ಲ! ಹಗಲೊತ್ನಾಗೂ ದೀಪ ಉರಿಸ್ತಾರಂತೆ! ಹೋಗು, ಅಲ್ಲೇ ಅಳು!"

ಅದು ಬುದ್ಧಿಮಾತಾಗಿರಲಿಲ್ಲ, ಪಾರ್ಲಿಮೆಂಟಿಗೆ ಹೋದವಳಿಗೆ ಹೇಳಿದ ಚುಚ್ಚುಮಾತು. ಮೂರು ವರ್ಷದ ನಮ್ಮೆಲ್ಲರ ಸಿಟ್ಟು ಅದರಲ್ಲಿತ್ತು. ಅವಳು ಕೈ ಇಳಿಸಿದಳು. ಹೆಣ ಗುಡ್ಡದ ಹಿಂದೆ ಮರೆಯಾಗುವ ತನಕ ನಿಂತಿದ್ದು, ತಿರುಗಿ ನಡೆದಳು.

ಬುರುಲ್‌ಸುನ್ ರಾಜಕೀಯದವಳಲ್ಲ. ಇಪ್ಪತ್ತೆರಡು ವರ್ಷ ದನದ ಡಾಕ್ಟರ ಜೊತೆ ಕುರಿಗಳಿಗೆ ಸೂಜಿ ಚುಚ್ಚಿಕೊಂಡು ಕಣಿವೆಯೆಲ್ಲ ಸುತ್ತಿದವಳು. ಯಾವ ಮನೆಯಲ್ಲಿ ಎಷ್ಟು ಕುರಿ, ಯಾವ ಕುರಿಗೆ ಯಾವ ಕಾಯಿಲೆ ಎಂದು ಬಾಯಲ್ಲೇ ಹೇಳುತ್ತಿದ್ದಳು. ಚುನಾವಣೆಗೆ ಪಕ್ಷದ ಪಟ್ಟಿಯಲ್ಲಿ ಇಷ್ಟು ಹೆಂಗಸರು ಇರಲೇಬೇಕೆಂದು ಕಾನೂನು. ಹೆಸರು ಸಾಲದೆ ಬಂದು ಇವಳದ್ದನ್ನು ಬರೆದುಕೊಂಡು ಹೋದರು. ಪಕ್ಷಕ್ಕೆ ನಿರೀಕ್ಷೆಗಿಂತ ಹೆಚ್ಚು ಮತ ಬಿದ್ದು, ಪಟ್ಟಿಯ ಬಾಲದಲ್ಲಿದ್ದ ಇವಳೂ ಒಳಗೆ ಹೋದಳು. ಪಾರ್ಲಿಮೆಂಟಿನಲ್ಲಿ ಅವಳಿಗೆ ಸಿಕ್ಕಿದ್ದು ಕಟ್ಟಕಡೆಯ ಸಾಲು, ಬೆನ್ನಿಗೇ ಗೋಡೆ, ಪಕ್ಕದಲ್ಲೇ ಸಿಗರೇಟು ಸೇದಲು ಹೋಗುವವರ ಬಾಗಿಲು.

ಮೂರು ವರ್ಷದಲ್ಲಿ ಏಳು ಸಲ ಸೇತುವೆಯ ಮಾತೆತ್ತಿದಳು. ಒಂದು ಸಲಕ್ಕೆ ಮೂರು ನಿಮಿಷ. ಮೂರು ನಿಮಿಷವಾದರೆ ಮೈಕು ತಾನೇ ಸಾಯುತ್ತದೆ. ಏಳು ಸಲವೂ ಕಾಗದದಲ್ಲಿ ಉತ್ತರ ಬಂತು: 'ಗಮನಕ್ಕೆ ತೆಗೆದುಕೊಳ್ಳಲಾಗಿದೆ.' ನಮ್ಮೂರಲ್ಲಿ ಅದು ಗಾದೆಯೇ ಆಗಿಹೋಯಿತು. ಸೌದೆ ಒಡೆಯಲು ಹೇಳಿದರೆ ಗಂಡಂದಿರು "ಗಮನಕ್ಕೆ ತಗೊಂಡಿವ್ನಿ ಕಣೆ" ಎಂದು ಮಗ್ಗುಲು ಬದಲಿಸುತ್ತಿದ್ದರು.

ಜಿಬೆಕ್ ಹೋದ ಹನ್ನೊಂದನೆಯ ದಿನ ಸದನ ಕೂತಿತು. ರಸ್ತೆ ಮಂತ್ರಿ ಉತ್ತರ ಹೇಳುವ ದಿನ. ನಾವು ಅಂಗಡಿಯ ಟಿ.ವಿ. ಮುಂದೆ ಸೇರಿದ್ದೆವು, ಸಾತಿಂದಿ ಅಜ್ಜನೂ ಬಂದಿದ್ದ. ಅವಳು ಅಳುತ್ತಾಳೆಂದು ನಮಗೆ ಗೊತ್ತಿರಲಿಲ್ಲ. ಅವಳ ಸರದಿ ಇತ್ತು, ಅಷ್ಟೆ.

ಅವಳು ಎದ್ದು, ಅಣ್ಣನ ಮಗಳು ಸತ್ತ ಬಗೆಯನ್ನು ಕುರಿಯ ರೋಗ ವಿವರಿಸುವ ಹಾಗೆ ನೇರವಾಗಿ ಹೇಳಿದಳು. "ನಾನು ಕೇಳೋದು ಒಂದೇ. ಯಾವ ತಿಂಗಳು ಕೆಲಸ ಶುರು ಮಾಡ್ತೀರಿ? ತಿಂಗಳಿನ ಹೆಸರು ಹೇಳಿ."

ರಸ್ತೆ ಮಂತ್ರಿ ಕಾಲ್‌ಮುರ್ಜಾ ಅರವತ್ತು ದಾಟಿದ ದಪ್ಪ ಆಸಾಮಿ. ಕನ್ನಡಕ ಏರಿಸಿ ಓದಿದ: "ವಿಷಯವನ್ನು ಗಮನಕ್ಕೆ—"

"ತಿಂಗಳು ಹೇಳಿ, ಮಂತ್ರಿಗಳೇ."

"ಸಮಯ ಆಯ್ತು," ಎಂದ ಸಭಾಧ್ಯಕ್ಷ. ಮೈಕಿನ ಕೆಂಪು ದೀಪ ಆರಿತು. "ಮುಂದಿನವರು."

ಮೈಕು ಆರಿದರೆ ಮಾತು ಮುಗಿಯಿತು ಎಂದು ಆತ ತಿಳಿದದ್ದೇ ತಪ್ಪು.

ಬುರುಲ್‌ಸುನ್ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಅದರ ಕಾಲುಗಳು ಕಲ್ಲು ನೆಲದ ಮೇಲೆ ಕರ್ರೆಂದವು. ಇಡೀ ಸದನಕ್ಕೆ ಬೆನ್ನು ಹಾಕಿ ಕೂತು, ಎರಡೂ ಕೈ ಸೊಂಟಕ್ಕೆ ಕೊಟ್ಟು ದನಿ ಎತ್ತಿದಳು. ಬೆಟ್ಟದ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಕುರಿ ಕರೆದ ಗಂಟಲು ಅದು.

"ಬಾಗಿಲು ಕಿತ್ತು ತಂದರಮ್ಮ, ನಿನ್ನ ಮಲಗಿಸಲೆಂದು,
ಹೊಳೆಯ ಕಲ್ಲೇ ಹಾಸಿಗೆಯಾಯ್ತೇ, ನನ್ನ ಬಿಳಿಯ ಹಕ್ಕಿಯೇ!
ಏಳು ಬಾರಿ ಕೇಳಿದೆನಮ್ಮ, ಏಳು ಕಾಗದ ಕೊಟ್ಟರು,
ಕಾಗದದ ಮೇಲೆ ಕಾಲಿಟ್ಟು ನೀನು ಹೊಳೆಯ ದಾಟಲಾದೀತೇ!"

ಮೊದಲು ಯಾರೋ ಮುಂದಿನ ಸಾಲಿನಲ್ಲಿ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ಮಂತ್ರಿ ಕಾಲ್‌ಮುರ್ಜಾ ಎದ್ದು ನಿಂತಿದ್ದ. ಕನ್ನಡಕ ತೆಗೆದು, ತಲೆ ತಗ್ಗಿಸಿ, ಸಾವಿನ ಮನೆಯ ಹೊರಗೆ ಗಂಡಸರು ನಿಲ್ಲುವ ಹಾಗೆ ನಿಂತಿದ್ದ.

ಸಭಾಧ್ಯಕ್ಷ ಗಂಟೆ ಬಾರಿಸಿದ. "ಕೂತ್ಕೊಳ್ಳಿ, ಮಂತ್ರಿಗಳೇ! ಏನಿದು?"

"ಹೆಣ್ಣುಮಗಳು ಕೋಶೋಕ್ ಎತ್ತಿದಾಳಲ್ರೀ, ಹೇಗೆ ಕೂತ್ಕೊಳ್ಲಿ? ಮನೇಲಿ ನಮ್ಮವ್ವ ಟಿ.ವಿ. ನೋಡ್ತಾ ಇರ್ತಾಳೆ."

ಇನ್ನೊಬ್ಬ ಎದ್ದ. ಅವನ ಹಿಂದಿನವ ಎದ್ದ. ವಿರೋಧ ಪಕ್ಷದಲ್ಲಿ ಮೂವರು ಎದ್ದರು. ಬಾಗಿಲ ಕಾವಲುಗಾರ ಟೋಪಿ ಸರಿಮಾಡಿಕೊಂಡು ತಲೆ ಬಾಗಿಸಿದ. ಕ್ಯಾಮೆರಾದವನೂ ಕ್ಯಾಮೆರಾ ಬಿಟ್ಟು ನಿಂತಿರಬೇಕು, ಯಾಕೆಂದರೆ ಚಿತ್ರ ಅಲುಗಲಿಲ್ಲ. ಅವಳ ಬೆನ್ನು, ಗೋಡೆ, ಎದ್ದು ನಿಂತ ಗಂಡಸರು, ಅಷ್ಟೇ ಬಹಳ ಹೊತ್ತು ಕಾಣುತ್ತಿತ್ತು. ಯಾರೋ ಹಳೆಯ ಕಾಲದ ರೀತಿಯಲ್ಲಿ "ಓ ನನ್ನ ಕರುಳೇ!" ಎಂದು ಗಟ್ಟಿಯಾಗಿ ಕೂಗಿದ.

ಕೋಶೋಕನ್ನು ನಡುವೆ ತಡೆಯುವವರಿಲ್ಲ. ಯಾರಾದರೂ ಹಿರಿಯರು ನೀರು ತಂದುಕೊಟ್ಟು ಸಾಕೆನ್ನಬೇಕು. ಸದನದಲ್ಲಿ ಆ ಬುದ್ಧಿ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ನೆಲ ಒರೆಸುವ ಮುದುಕಿಯೊಬ್ಬಳು ಬಾಗಿಲಿಂದ ಒಳಗೆ ಬಂದು, ಬಟ್ಟಲು ಚಾಚಿ, "ಸಾಕು ತಾಯೀ, ಮುಟ್ಟಿತು. ಮುಖ ತೊಳ್ಕೋ," ಎಂದಳು. ಆಮೇಲೇ ಬುರುಲ್‌ಸುನ್ ನಿಲ್ಲಿಸಿದಳು. ಹದಿನಾಲ್ಕು ನಿಮಿಷ ಆಗಿತ್ತು.

ಅಂಗಡಿಯಲ್ಲಿ ಸಾತಿಂದಿ ಅಜ್ಜ ಟಿ.ವಿ.ಯ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದ.

"ಹತ್ತೊಂಬತ್ತು ಜನ ನಿಂತವ್ರೆ," ಎಂದ. "ನಲವತ್ತರ ಊಟಕ್ಕೆ ಇನ್ನೆರಡು ಕುರಿ ಬೇಕಾಯ್ತದೆ, ಮೆಡೆರ್‌ಗೆ ಹೇಳಿ."

ಆಗ ನಮಗೆ ಅರ್ಥವಾಯಿತು. ಕೋಶೋಕ್‌ಗೆ ಎದ್ದು ನಿಂತವನು ನಲವತ್ತನೆಯ ದಿನ ಸತ್ತವರ ಮನೆಯಲ್ಲಿ ರೊಟ್ಟಿ ಮುರಿಯಬೇಕು. ಮನೆಯಿರುವುದು ಹೊಳೆಯ ಈಚೆ.

ನಲವತ್ತರ ವಾರ ಸದನ ಮತ್ತೆ ಕೂಡಿದಾಗ ಪಕ್ಷದ ಮುಖಂಡ ಅವಳನ್ನು ಕರೆಸಿದ. ಅವಳು ಆಮೇಲೆ ನಮಗೆ ಹೇಳಿದ್ದಷ್ಟನ್ನು ಇಲ್ಲಿ ಹೇಳುತ್ತೇನೆ.

"ಅಕ್ಕಾ, ಪಕ್ಷದ ಮಾನ ಹೋಯ್ತು," ಎಂದನಂತೆ. "ನಾಳೆ ಮೈಕಲ್ಲಿ ಕ್ಷಮೆ ಕೇಳ್ಬಿಡಿ. ಮೂರು ನಿಮಿಷ ಕೊಡಿಸ್ತೀನಿ."

"ಅತ್ತಿದ್ದಕ್ಕೆ ಕ್ಷಮೆ ಕೇಳೋ ಪದ್ಧತಿ ನಿಮ್ಮ ಮನೇಲಿ ಇದೆಯಾ, ತಮ್ಮಾ?"

"ಇದು ಅಳೋ ಜಾಗವಾ?"

"ನಗೋ ಜಾಗ ಅಂತ ಮೂರು ವರ್ಷದಿಂದ ನೋಡ್ತಾ ಇದೀನಿ. ಅಳೋಕೂ ಆಗ್ಬೇಕಲ್ಲ."

"ಮೊದಲೇ ಯೋಚಿಸಿ ಮಾಡಿದ್ರಾ?"

"ಹಾಡು ಹನ್ನೊಂದು ದಿನದಿಂದ ಗಂಟಲಲ್ಲಿತ್ತು. ನನ್ನ ಮನೇಲೇ ಹಾಡ್ಬೇಕು ಅಂತಿದ್ದೆ. ದಾಟೋಕೆ ಆಗ್ಲಿಲ್ಲ."

ಕ್ಷಮೆ ಕೇಳದಿದ್ದರೆ ಪಟ್ಟಿಯಿಂದ ಹೆಸರು ಹೊಡೆಯುತ್ತೇವೆ, ಮುಂದಿನ ಹೆಸರಿನವನು ಕಾಯುತ್ತಿದ್ದಾನೆ ಎಂದನಂತೆ ಅವನು. "ಹೊಡೀರಿ," ಎಂದಳು ಇವಳು. ಹೊರಗೆ ಬಂದವಳು ಸದನದೊಳಗೆ ಹೋಗಿ, ಅಂದು ಎದ್ದು ನಿಂತಿದ್ದ ಹತ್ತೊಂಬತ್ತು ಜನರ ಮೇಜಿನ ಮುಂದೆಯೂ ಒಬ್ಬೊಬ್ಬರಿಗಾಗಿ ಬಾಗಿ ಕರೆದಳು: "ಶನಿವಾರ ನಲವತ್ತು. ಮನೆಗೆ ಬರಬೇಕು." ಇಲ್ಲ ಎನ್ನಲು ಒಬ್ಬನಿಗೂ ಬಾಯಿ ಬರಲಿಲ್ಲ. ಸಾವಿನ ಊಟದ ಕರೆಗೆ ಇಲ್ಲ ಎಂದವನನ್ನು ನಾನು ನನ್ನ ಆಯುಸ್ಸಿನಲ್ಲಿ ಕಂಡಿಲ್ಲ. ಹೂಂ ಎಂದು ಬಾರದೆ ಉಳಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ಆ ಶುಕ್ರವಾರವೇ ಅವಳ ಹೆಸರು ಹೊಡೆದರು. ಅಷ್ಟರಲ್ಲಿ ವಾಲಿದ ಕಂಬವನ್ನು ನಾವು ನೆಟ್ಟಗೆ ಮಾಡಿದ್ದೆವು. ಬುರುಲ್‌ಸುನ್ ಎರಡು ಚೀಲ ಹಿಡಿದು ತೊಟ್ಟಿಲಲ್ಲಿ ಊರಿಗೆ ದಾಟಿದಳು.

ಶನಿವಾರ ಆಚೆ ದಡದಲ್ಲಿ ಆರು ಕಾರು ಬಂದು ನಿಂತವು. ಬೋರ್ಸೋಕ್ ಹಿಟ್ಟಿನ ತುಂಡು ಕರಿಯುವ ಎಣ್ಣೆಯ ವಾಸನೆ ಅಲ್ಲಿಯ ತನಕ ಹೋಗಿರಬೇಕು. ಆರೂ ಜನ ಇಳಿದು ತೊಟ್ಟಿಲನ್ನು ನೋಡಿದರು, ನೀರನ್ನು ನೋಡಿದರು. ನಾಲ್ವರು ಎದೆಗೆ ಕೈಯಿಟ್ಟು ದೂರದಿಂದಲೇ ಬಾಗಿ ಕಾರು ಹತ್ತಿದರು. ಎಳೆಯ ಸದಸ್ಯನೊಬ್ಬ ಕಣ್ಣು ಮುಚ್ಚಿಕೊಂಡು ದಾಟಿದ. ಕೊನೆಗೆ ಉಳಿದವನು ಮಂತ್ರಿ ಕಾಲ್‌ಮುರ್ಜಾ.

"ಮೊಣಕಾಲು ಮಡಚ್ಕೊಳ್ಳಿ!" ಎಂದು ಬಂಡೆಯ ಜಾಗದಿಂದ ಕೂಗಿದ ಸಾತಿಂದಿ ಅಜ್ಜ. "ಇನ್ನಾ! ಇನ್ನಾ ಒಸಿ! ಹೊಟ್ಟೆ ಒಳೀಕ್ ಎಳ್ಕೊಳ್ಳಿ!"

"ಇದು ನನ್ನ ಭಾರ ತಡೀತದೇನಯ್ಯಾ?"

"ಗಮನಕ್ಕೆ ತಗೊಂಡಿವಿ!"

ತೊಟ್ಟಿಲನ್ನು ನಡುಹೊಳೆಯಲ್ಲಿ ಒಂದು ಗಳಿಗೆ ನಿಲ್ಲಿಸುವುದು ವಾಡಿಕೆ, ಎಳೆಯುವವರು ಕೈ ಬದಲಿಸಬೇಕು. ಅಂದು ಕೈ ಬದಲಿಸಲು ತುಸು ಹೆಚ್ಚು ಹೊತ್ತು ಹಿಡಿಯಿತು. ಮಂತ್ರಿ ತಲೆ ಬಗ್ಗಿಸಿ ಕೆಳಗೆ ನೋಡುತ್ತಿದ್ದ. ಕೆಂಪು ನೀರಿನೊಳಗೆ ಬಂಡೆಗಳು ಉರುಳುವ ಸದ್ದು ಗುಡುಗಿನ ಹಾಗೆ ಮೇಲೆ ಬರುತ್ತದೆ. ನಮಗದು ರೂಢಿ.

"ಸಾಕು ಬಿಡ್ರೋ," ಎಂದಳು ಬುರುಲ್‌ಸುನ್. "ಊಟಕ್ಕೆ ಬಂದೋರು ಅವ್ರು." ಅವಳೂ ಹಗ್ಗಕ್ಕೆ ಕೈ ಹಾಕಿದಳು.

ಅವನು ಮೆಡೆರ್‌ನ ಮನೆಯಲ್ಲಿ ರೊಟ್ಟಿ ಮುರಿದ, ಮಾಂಸ ತಿಂದ, ಅಂಗೈ ಬಿಚ್ಚಿ ದುವಾ ಮಾಡಿದ. ಮೆಡೆರ್ ಅವನೊಡನೆ ಒಂದು ಮಾತೂ ಆಡಲಿಲ್ಲ. ಚಹಾ ಮಾತ್ರ ತಾನೇ ಬಗ್ಗಿಸಿಕೊಟ್ಟ. ಮಧ್ಯಾಹ್ನ ಎಳೆಯ ಸದಸ್ಯ ದಾಟಿ ಹೋದ. ಮಂತ್ರಿ ದಡದ ತನಕ ಹೋಗಿ, ತೊಟ್ಟಿಲನ್ನು ನೋಡಿ, ತಿರುಗಿ ಬಂದ.

"ಬೇರೆ ದಾರಿ ಇದೆಯಾ?"

"ಮೇಲಿನ ಕಣಿವೆ ದಾಟ್ಬೇಕು," ಎಂದಳು ಬುರುಲ್‌ಸುನ್. "ಕುದುರೆ ಮ್ಯಾಲೆ ಎರಡು ದಿನ."

"ಹೆರಿಗೆ ನೋವು ಬಂದವರು..." ಎಂದವನು ಅಲ್ಲಿಗೇ ನಿಲ್ಲಿಸಿದ.

ಆಮೇಲೆ ಅವನು ಬಂಡೆಯ ಜಾಗಕ್ಕೆ ಹೋಗಿ ತನ್ನ ಡ್ರೈವರನ್ನು ಕೂಗಿದ. ಸೇತುವೆಯ ಇಂಜಿನಿಯರನ್ನು ಕರೆದುಕೊಂಡು ಬಾ, ಮಂಗಳವಾರ ಬೆಳಿಗ್ಗೆ ಅವನು ಆಚೆ ದಡದಲ್ಲಿರಬೇಕು, ನಾನೂ ಇರುತ್ತೇನೆ ಎಂದು. ನಾಲ್ಕು ಸಲ ಕೂಗಿದ. ಡ್ರೈವರು ಕಿವಿಗೆ ಕೈಯಿಟ್ಟು ತಲೆ ಅಲ್ಲಾಡಿಸಿದ. ಐದನೆಯ ಸಲಕ್ಕೆ ಮಂತ್ರಿಯ ದನಿ ಒಡೆದುಹೋಯಿತು. ಬುರುಲ್‌ಸುನ್ ಪಕ್ಕಕ್ಕೆ ಬಂದು, ಎರಡೂ ಕೈ ಬಾಯಿಗೆ ಹಿಡಿದು, ಅವನ ಪರವಾಗಿ ಒಂದೇ ಸಲ ಕೂಗಿದಳು. ಡ್ರೈವರು ಓಡಿಹೋಗಿ ಕಾರು ಚಾಲೂ ಮಾಡಿದ.

"ಯಾವ ತಿಂಗಳು?" ಎಂದು ಕೇಳಿದಳು ಅವಳು, ಕೈ ಇಳಿಸುತ್ತ.

ಅವನು ಹೊಳೆಯ ಕಡೆ ತಿರುಗಿದ. "ನೀರು ಇಳಿಯೋದು ಯಾವಾಗ?" ಎಂದ.

"ಆಗಸ್ಟ್ ಕೊನೇಗೆ."

"ಹಾಗಾದ್ರೆ ಸೆಪ್ಟೆಂಬರ್."

"ಹತ್ತು ಜನರ ಮುಂದೆ ಹೇಳಿ."

ಅವನು ಹೇಳಿದ. ಕೂತು ಹೇಳಲು ಹೊರಟವನಿಗೆ ಸಾತಿಂದಿ ಅಜ್ಜ ಎದ್ದು ನಿಂತು ಹೇಳು ಎಂದ. ಎದ್ದು ನಿಂತು ಹೇಳಿದ.

ಮರುದಿನ ಕಣಿವೆಯ ದಾರಿಗೆ ಮೆಡೆರ್ ತನ್ನ ಹೆಣ್ಣು ಕುದುರೆಗೆ ಜೀನು ಹಾಕಿಕೊಟ್ಟ. ಜೊತೆಗೆ ತಾನೂ ಹೊರಟ, ಕುದುರೆ ವಾಪಸು ಬರಬೇಕಲ್ಲ ಎಂದ. ಮೊದಲ ಏರಿನ ತನಕ ಬುರುಲ್‌ಸುನ್ ಲಗಾಮು ಹಿಡಿದು ನಡೆದು, ಅಲ್ಲಿ ಕೈಬಿಟ್ಟಳು. ಮೆಡೆರ್ ಮುಂದೆ, ಮಂತ್ರಿ ಹಿಂದೆ. ಇಬ್ಬರೂ ಹಿಮ ಇನ್ನೂ ಬಿಳಿಯಾಗಿದ್ದ ಕಡೆಗೆ ಸಣ್ಣಗಾಗುತ್ತ ಹೋದರು. ಹೊರಟದ್ದು ಭಾನುವಾರ, ದನ ಬಿಡುವ ಹೊತ್ತಿಗೆ; ಮಂಗಳವಾರಕ್ಕೆ ಎರಡು ದಿನವಿತ್ತು.