ಬಿರುಕಿನ ಮೇಲಿನ ಗಾಜು

“ಗಾಜು ಒಡೆದಿಲ್ಲ ಅಂದ್ರೆ ಗೋಡೆ ಗಟ್ಟಿ ಅಂತ ತಾನೇ? ಅದಕ್ಕೇ ಧೈರ್ಯ ಮಾಡಿದೆ ಕಣೋ. ನಾಳೆ ಇನ್ನೂ ನಾಲ್ಕು ಹೊಲಿಗೆ ಮೆಷಿನ್ ಬರ್ತಾವೆ.”

ಅಕ್ಕ ಇಷ್ಟು ಹೇಳಿ, ತಮ್ಮನ ಅಂಗಡಿಯಿಂದ ಒಂದು ಗಜ ಲೈನಿಂಗ್ ಬಟ್ಟೆ ಎತ್ತಿಕೊಂಡು ಮಹಡಿ ಮೆಟ್ಟಿಲು ಹತ್ತಿದಳು. ತಮ್ಮನ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು.

ನೂರು ವರ್ಷ ದಾಟಿದ ಕಟ್ಟಡವದು. ಕೆಳಗೆ ಏಳು ಕಮಾನು, ಏಳು ಅಂಗಡಿ. ಮೇಲೆ ಒಂದೇ ಉದ್ದನೆಯ ಹಜಾರ, ಅಲ್ಲಿ ಅಕ್ಕನ ಹೊಲಿಗೆ ತರಗತಿ. ಒಂದು ಕಬ್ಬಿಣದ ಸರಳೂ ಇಲ್ಲ, ಬರೀ ಕಲ್ಲು, ಗಾರೆ. ದೂರದಿಂದ ಜನ ಬಂದು ಕತ್ತೆತ್ತಿ ನೋಡುತ್ತಿದ್ದರು. ಅವರ್ಯಾರೂ ಗಿರಾಕಿಗಳಲ್ಲವಲ್ಲ ಎಂಬುದೇ ಅಂಗಡಿಯವರ ಬೇಸರ.

ಹೋದ ವರ್ಷ ತಮ್ಮನಿಗೆ ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಬೇಕಾಯಿತು. ಕಮಾನು ಹೊತ್ತ ಕಂಬ ಅಡ್ಡ ಬಂತು. ಒಂದು ಗೇಣು ಕೆತ್ತಿಸಿ, ಕನ್ನಡಿಯಿಂದ ಮುಚ್ಚಿದ. ಆಮೇಲೆ ಕಮಾನಿನ ಪಕ್ಕ ಕೂದಲೆಳೆಯಷ್ಟು ಬಿರುಕು ಕಂಡಿತು. ಎಲ್ಲರೂ ಸೇರಿ ಕರೆಸಿದ ಮುದಿ ಮೇಸ್ತ್ರಿ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, “ಗೋಡೆ ಜರುಗಿದ್ರೆ ಇದು ಒಡೆಯುತ್ತೆ. ಒಡೆದ್ರೆ ಹೇಳಿಕಳಿಸಿ” ಅಂದಿದ್ದರು.

ಎರಡು ಸಲ ಒಡೆದಿತ್ತು. ಎಲ್ಲಿ ಅಂಗಡಿ ಮುಚ್ಚಿಸುತ್ತಾರೋ ಎಂಬ ಭಯಕ್ಕೆ, ಎರಡೂ ಸಲ ತಮ್ಮನೇ ಬೆಳಿಗ್ಗೆ ಬೇಗ ಬಂದು, ಯಾರಿಗೂ ಹೇಳದೆ ಹೊಸ ಗಾಜು ಅಂಟಿಸಿದ್ದ.

ಮೇಲೆ ಮೆಷಿನ್‌ಗಳು ಶುರುವಾದವು. ಕನ್ನಡಿಯಲ್ಲಿ ಅವನ ಮುಖ ಸಣ್ಣಗೆ ನಡುಗಿತು. ನಡುಗಿದ್ದು ಮುಖವೋ ಕನ್ನಡಿಯೋ ತಿಳಿಯಲಿಲ್ಲ.

ಅಷ್ಟರಲ್ಲಿ, ತಿಂಗಳಿಗೊಮ್ಮೆ ನೋಡಲು ಬರುವ ಮೇಸ್ತ್ರಿ ಬಂದರು. “ನಿಮ್ಮ ಗಾಜು ನನಗಿಂತ ಗಟ್ಟಿ, ಯಜಮಾನ್ರೇ.”

“ಅದು ನೀವು ಹಾಕಿದ ಗಾಜಲ್ಲ, ಮೇಸ್ತ್ರಿ.” ಅವನು ಕನ್ನಡಿ ಸರಿಸಿ ತೋರಿಸಿದ.

ಮೇಸ್ತ್ರಿ ಕೆತ್ತಿದ ಜಾಗವನ್ನು ಗಾಯ ಮುಟ್ಟುವಂತೆ ಮುಟ್ಟಿದರು. “ಏಳೂ ಒಂದಕ್ಕೊಂದು ಹೆಗಲು ಕೊಟ್ಟು ನಿಂತಿರೋದು. ಇದು ಕೂತ್ರೆ ಉಳಿದ ಆರೂ ಇದರ ಹಿಂದೇನೇ. ಮೇಲೆ ಎಷ್ಟು ಜನ?”

“ಹನ್ನೊಂದು. ಅಕ್ಕ ಸೇರಿ.”

“ಓಡಿಸ್ಬೇಡಿ. ಒಬ್ಬೊಬ್ಬರಾಗಿ ಇಳಿಸಿ. ಅಂಗಡಿಯವರನ್ನ ನಾನು ಕರೀತೀನಿ.”

ಅವನು ಮೆಟ್ಟಿಲು ಹತ್ತಿದ.

ಮೇಲೆ ಮೆಷಿನ್‌ಗಳು ಒಂದೊಂದಾಗಿ ನಿಂತವು.

“ಏನೋ ಇದು, ಪಾಠದ ಮಧ್ಯೆ?” ಅಂದಳು ಅಕ್ಕ.

“ಕಂಬ ಕೆತ್ತಿಸಿದ್ದು ನಾನು. ಗಾಜು ಬದಲಾಯಿಸಿದ್ದೂ ನಾನೇ. ಮೊದಲು ಇಳಿ ಅಕ್ಕ, ಆಮೇಲೆ ಬೈಯಿ.”

ಅಕ್ಕ ಅವನನ್ನೇ ನೋಡಿದಳು. “ಬೈಯೋದು ಬಾಕಿ ಇದೆ, ನೆನಪಿರ್ಲಿ,” ಎಂದು ಎಲ್ಲರನ್ನೂ ಮುಂದೆ ಬಿಟ್ಟು ಇಳಿದಳು. ಅವನು ಕೊನೆಯವನಾಗಿ ಇಳಿದ.

ಎಲ್ಲರೂ ರಸ್ತೆಯಾಚೆ ನಿಂತರು. ಟಕ್ ಎಂದಿತು. ಮೂರನೆಯ ಗಾಜು ಎರಡು ತುಂಡಾಗಿ ಅವನ ಅಂಗಡಿಯ ಹೊಸ್ತಿಲ ಮೇಲೆ ಬಿತ್ತು.